ಬಿಲ್ವದ ಬುಡಕ್ಕೆ ಕೊಳದ ನೀರು

ಜಗದೇವಿ ಅಕ್ಕ ಹಿತ್ತಲಿನ ಈಜುಕೊಳವನ್ನು ನೋಡುತ್ತಿದ್ದುದು ಊಟದ ತಟ್ಟೆಯಲ್ಲಿ ಕೂದಲು ಕಂಡವರ ಹಾಗೆ. ಅವರು ಈ ಮನೆಯ ಹಿರಿಯ ಸೊಸೆ, ನನ್ನ ಓರಗಿತ್ತಿ. ನನ್ನನ್ನೂ ಹೆಚ್ಚುಕಡಿಮೆ ಅದೇ ಕಣ್ಣಿನಿಂದ ನೋಡುತ್ತಿದ್ದರು. ಆದರೆ ನನ್ನನ್ನು ಮಣ್ಣು ಹಾಕಿ ಮುಚ್ಚುವಂತಿರಲಿಲ್ಲ, ಕೊಳವನ್ನು ಮುಚ್ಚಬಹುದಿತ್ತು.

ಚೆನ್ನೈನ ಅಡ್ಯಾರಿನ ಈ ಮನೆಯನ್ನು ಮಾವ ಕೊಟ್ರಪ್ಪನವರು ಕೊಂಡಾಗಲೇ ಕೊಳ ಇತ್ತಂತೆ. ಚಿಕ್ಕದು, ಹತ್ತು ಸಲ ಕೈ ಬೀಸಿದರೆ ಆಚೆ ಗೋಡೆ. ಕೊಟ್ಟೂರಿನಿಂದ ಬಂದು ಪ್ಯಾರೀಸ್ ಕಾರ್ನರಿನಲ್ಲಿ ಪೈಪಿನ ಅಂಗಡಿ ಇಟ್ಟ ಮಾವ ಅದರಲ್ಲಿ ಕಾಲನ್ನೂ ಇಳಿಬಿಟ್ಟವರಲ್ಲ, ಮುಚ್ಚಿಸಲೂ ಹೋಗಲಿಲ್ಲ. ನಾನು ದಾವಣಗೆರೆ ಕಡೆಯವಳು, ಭದ್ರಾ ನಾಲೆಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತವಳು. ಇಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಹೋದ ಮೇಲೆ, ಬೆಳಿಗ್ಗೆ ಹೊತ್ತು ಸುತ್ತಲಿನ ಹೆಂಗಸರಿಗೆ ಈಜು ಹೇಳಿಕೊಡಲು ಶುರು ಮಾಡಿದೆ. ಬರುವವರೆಲ್ಲ ನಡುವಯಸ್ಸಿನವರು. ಕಡಲ ಪಕ್ಕದ ಊರಿನಲ್ಲೇ ಬಾಳಿದ್ದರೂ ತಲೆಯನ್ನು ಎಂದೂ ನೀರೊಳಗೆ ಇಟ್ಟವರಲ್ಲ. ಮೊದಲ ಸಲ ತೇಲಿದಾಗ ಅವರ ಮುಖದಲ್ಲಿ ಒಂದು ಅಪನಂಬಿಕೆ ಕಾಣುತ್ತದೆ, ಯಾರೋ ತಮ್ಮನ್ನು ಎತ್ತಿ ಹಿಡಿದಿದ್ದಾರೆ ಅನ್ನುವ ಹಾಗೆ. ಈ ಮನೆಯಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲದೆ ನಾನು ಬದುಕುತ್ತಿದ್ದ ಹೊತ್ತು ಅದೊಂದೇ.

ಚೆನ್ನೈ ಬೇಸಿಗೆ ಅದನ್ನೂ ಕಿತ್ತುಕೊಳ್ಳಲು ನಿಂತಿತ್ತು. ಕೊಳಕ್ಕೆ ತುಂಬುವುದು ಲಾರಿ ನೀರು, ಗಡಸು. ವಾರದೊಳಗೆ ಅದರ ಕ್ಷಾರ ಏರುತ್ತದೆ. ಏರಿದ ಮೇಲೆ ಕ್ಲೋರಿನ್ ಹಾಕಿದರೂ ಹಾಕದಿದ್ದರೂ ಒಂದೇ. ಎರಡು ದಿನ ಬಿಸಿಲು ಬಿದ್ದರೆ ನೀರು ಹಸಿರು. ಏಪ್ರಿಲ್‌ನಲ್ಲಿ ಎರಡು ಸಲ ಹಾಗಾಯಿತು. ಎರಡನೆಯ ಸಲ ಜಗದೇವಿ ಅಕ್ಕನ ಗಂಡ, ನನ್ನ ಭಾವ ಕುಮಾರಸ್ವಾಮಿ, ಊಟಕ್ಕೆ ಕೂತಾಗ, ಮಾವನ ಎದುರಿಗೇ ಹೇಳಿದರು:

“ಇನ್ನೊಂದ್ ಸಲ ಹಸ್ರಾತು ಅಂದ್ರ ಮಣ್ಣು ತರಿಸಿ ಮುಚ್ಚಿಸ್ತೀನಿ. ಹಸ್ರಾಗ್ಲಿಲ್ಲ ಅಂದ್ರ ನಾನು ಆ ವಿಷ್ಯನೇ ಎತ್ತಂಗಿಲ್ಲ. ಅಪ್ಪಾರ ಮುಂದ ಹೇಳಾಕತ್ತೀನಿ.”

“ಎರಡು ಕಾರು ಬೀದ್ಯಾಗ ಬಿಸಲಾಗ ನಿಂತಾವ,” ಅಂದರು ಜಗದೇವಿ ಅಕ್ಕ, ನನ್ನ ತಟ್ಟೆಗೆ ಅನ್ನ ಹಾಕುತ್ತ. “ಇಲ್ಲಿ ಕಪ್ಪಿಗೆ ಬಂಗ್ಲೆ.”

ನನ್ನ ಗಂಡ ಶಿವರಂಜನ್ ಮಜ್ಜಿಗೆ ಕೇಳಿದರು. ಇಂಥ ಮಾತು ಬಂದಾಗಲೆಲ್ಲ ಅವರಿಗೆ ಮಜ್ಜಿಗೆ ಬೇಕಾಗುತ್ತದೆ.

ಈಜುಕೊಳದ ನೀರಿಗೆ ಬೋರೇಟ್ ಸೇರಿಸುತ್ತಾರೆ ಅನ್ನುವುದನ್ನು ನಾನು ಓದಿದ್ದು ಆ ವಾರವೇ. ಕ್ಲೋರಿನ್‌ಗೆ ಅದು ಬದಲಿ ಅಲ್ಲ, ಜೊತೆಗಾರ. ಕ್ಷಾರ ಏರದ ಹಾಗೆ ತಡೆ ಹಿಡಿಯುತ್ತದೆ, ಪಾಚಿಗೆ ತಳ ಊರಲು ಬಿಡುವುದಿಲ್ಲ, ಆವಿಯಾಗಿ ಹೋಗುವುದೂ ಇಲ್ಲ. ಒಂದು ಸಲ ಸರಿಯಾಗಿ ಹಾಕಿದರೆ ಬೇಸಿಗೆ ದಾಟುತ್ತದೆ. ಕೊಳ ನೋಡಿಕೊಳ್ಳುವ ಕಂಪನಿಯವರು ಅದನ್ನೇ ನೀಲಿ ಡಬ್ಬದಲ್ಲಿ ತುಂಬಿ ಮಾರುವ ಬೆಲೆ ಕೇಳಿ ಫೋನ್ ಇಟ್ಟೆ. ಅಕ್ಕಸಾಲಿಗರು ಬಳಸುವ ಬಿಳಿಗಾರವೂ ಬೋರೇಟೇ, ಅಗ್ಗ. ಆದರೆ ಅದೇ ಒಂದು ಕ್ಷಾರ, ಅದನ್ನು ಹಾಕಿದರೆ ಸರಿದೂಗಿಸಲು ಆ್ಯಸಿಡ್ ಕೂಡ ಸುರಿಯಬೇಕು. ಆ್ಯಸಿಡ್ ಕ್ಯಾನು ಹಿಡಿದು ಹಿತ್ತಲಲ್ಲಿ ಓಡಾಡುವ ನನ್ನನ್ನು ಜಗದೇವಿ ಅಕ್ಕ ನೋಡಿದರೆ ಸಾಕಿತ್ತು. ನೀರಿನಲ್ಲಿ ಅದೇ ಕೆಲಸ ಮಾಡುವ ಬೋರಿಕ್ ಪುಡಿಗೆ ಆ ರಗಳೆ ಇಲ್ಲ. ಪ್ಯಾರೀಸ್ ಕಾರ್ನರಿಗೆ ಹೋದೆ, ಈಗ ಭಾವ ಕೂರುವ ಪೈಪಿನ ಅಂಗಡಿಯ ಬೀದಿಯನ್ನು ತಪ್ಪಿಸಿ, ಕೆಮಿಕಲ್ ಅಂಗಡಿಗಳ ಸಂದಿಗೆ.

“ಕ್ಯಾರಂ ಬೋರ್ಡುಕ್ಕಾ, ಕರಪ್ಪಾನ್ ಪೂಚ್ಚಿಕ್ಕಾ?” ಅಂಗಡಿಯವನು ಕೇಳಿದ. ಈ ಪುಡಿಯನ್ನು ಹುಡುಕಿಕೊಂಡು ಬರುವವರು ಒಂದೋ ಕ್ಯಾರಂ ಆಡುವವರು, ಇಲ್ಲ ಜಿರಲೆ ಕಾಟದವರು.

ಎರಡಕ್ಕೂ ಅಂದೆ. ನಾನು ಹೇಳಿದ ತೂಕ ಕೇಳಿ ಅವನು ಕನ್ನಡಕ ಮೇಲೆತ್ತಿದ. ಊರಿನ ಜಿರಲೆಗಳೆಲ್ಲ ನಿಮ್ಮಲ್ಲೇ ಬಾಡಿಗೆಗಿವೆಯಾ ಅಮ್ಮ ಎಂದು ತಮಿಳಿನಲ್ಲಿ ಕೇಳಿ, ಚೀಲದ ಬಾಯಿ ಕಟ್ಟಿಕೊಟ್ಟ. ಆಟೋದಲ್ಲಿ ಚೀಲದ ಮೇಲಿನ ಬರಹ ನನ್ನ ಮೊಣಕಾಲಿಗೆ ತಾಗುವಂತೆ ತಿರುಗಿಸಿ ಇಟ್ಟುಕೊಂಡು ಬಂದೆ.

ಐವತ್ತು ಸಾವಿರ ಲೀಟರಿನ ಕೊಳಕ್ಕೆ ಹದಿನಾಲ್ಕು ಕಿಲೋ ಚಿಲ್ಲರೆ. ಒಮ್ಮೆಲೇ ಸುರಿಯಲಿಲ್ಲ. ಮಧ್ಯಾಹ್ನ ಮನೆ ಮಲಗಿದ ಹೊತ್ತಿನಲ್ಲಿ, ಬಿಸಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿಸಿ, ಪಂಪು ಓಡುತ್ತಿರುವಾಗ ಅಂಚಿನ ಸುತ್ತ ನಡೆಯುತ್ತ ಹುಯ್ದೆ. ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದೆ, ಮರುದಿನ ಮತ್ತೆ ಹುಯ್ದೆ. ವಾರ ಕಳೆಯುವುದರೊಳಗೆ ತಳದ ಹೆಂಚುಗಳ ನಡುವಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾದವು.

“ಎಂತ ಹಾಕಿದ್ದೀರಿ ದಾಕ್ಷಾಯಿಣಿ?” ಜಲಜಾಕ್ಷಿ ಕೇಳಿದರು. ಉಡುಪಿ ಕಡೆಯವರು, ಎಗ್ಮೋರಿನಲ್ಲಿ ಅವರ ಮನೆಯವರ ಹೋಟೆಲು, ನನ್ನ ಪಾಠಕ್ಕೆ ಬರುವವರಲ್ಲೆಲ್ಲ ಬಾಯಿ ದೊಡ್ಡದು. “ನೀರು ಒಳ್ಳೆ ಎಳನೀರಿನ ಹಾಗೆ ಉಂಟು ಮಾರಾಯ್ತಿ, ಮೈಗೆ ಜಾರ್ತದೆ.”

“ಈಗ ಕ್ಲೋರಿನ್ ಸರಿಯಾಗಿ ಕೆಲಸ ಮಾಡ್ತಿದೆ,” ಅಂದೆ. ಅದು ಸುಳ್ಳಲ್ಲ.

ತೊಂದರೆ ಇದ್ದದ್ದು ಫಿಲ್ಟರ್ ತೊಳೆದ ನೀರಿನದು. ವಾರಕ್ಕೊಮ್ಮೆ ಫಿಲ್ಟರಿಗೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದಾಗ ಹೊರಬರುವ ನೀರನ್ನು ಈ ಮನೆಯಲ್ಲಿ ಹತ್ತು ವರ್ಷದಿಂದ ಪೈಪಿನಲ್ಲಿ ಪತ್ರಿ ಗಿಡಕ್ಕೆ ಬಿಡುತ್ತಿದ್ದರು. ಪತ್ರಿ ಅಂದರೆ ಬಿಲ್ವ. ಮಾವ ಅದನ್ನು ಕೊಟ್ಟೂರಿನಿಂದ ಸಸಿಯಾಗಿ ತಂದು ನೆಟ್ಟದ್ದು, ಈಗ ಮೊದಲ ಮಹಡಿಯ ಕಿಟಕಿ ಮುಟ್ಟುತ್ತದೆ. ಅವರ ಇಷ್ಟಲಿಂಗ ಪೂಜೆಗೆ ದಿನವೂ ಅದರ ಎಲೆಯೇ ಆಗಬೇಕು. ಮೂರೂ ದಳ ಇರಬೇಕು, ಹರಿದಿರಬಾರದು, ಹುಳು ಮುಟ್ಟಿರಬಾರದು. ಬೆಳಿಗ್ಗೆ ಸ್ನಾನ ಮಾಡಿ, ತಲೆ ಮೇಲೆ ಸೆರಗು ಹೊದ್ದು ಅದನ್ನು ಬಿಡಿಸಿ ತರುವುದು ಜಗದೇವಿ ಅಕ್ಕ. ಮದುವೆಯಾಗಿ ಬಂದ ದಿನದಿಂದ ಆ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟಿಲ್ಲ.

ಈ ನೀರಿನಲ್ಲಿ ಈಜುವವರಿಗೆ ಏನೂ ಆಗುವುದಿಲ್ಲ. ಆದರೆ ಗಿಡಗಳಿಗೆ, ಅದರಲ್ಲೂ ನಿಂಬೆಯ ಜಾತಿಗೆ ಸೇರಿದ ಕರಿಬೇವು, ಬಿಲ್ವದಂಥವಕ್ಕೆ, ಇದರ ಹತ್ತನೆಯ ಒಂದು ಪಾಲೂ ಜಾಸ್ತಿ. ಬೇರು ಹೀರುತ್ತದೆ, ಎಲೆಯ ಅಂಚಿನಲ್ಲಿ ಕೂಡಿಹಾಕುತ್ತದೆ, ಅಂಚು ಸುಟ್ಟುಹೋಗುತ್ತದೆ. ಎರಡೂ ನಿಜ. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳಿದವರು ಎರಡನೆಯದನ್ನು ಮಾತ್ರ ಮನೆಗೆ ಒಯ್ಯುತ್ತಾರೆ. ಗಿಡ ಸುಡುವ ನೀರಿಗೆ ಯಾವ ಹೆಂಗಸು ಇಳಿಯುತ್ತಾಳೆ? ನಾನು ಪೈಪಿನ ಬಾಯನ್ನು ಮೋರಿಗೆ ತಿರುಗಿಸಿ, ಅಡುಗೆಮನೆಯಲ್ಲಿ ಒಂದು ಮಾತು ಹಾಕಿದೆ:

“ಅಕ್ಕಾ, ಇನ್ನು ಮೇಲೆ ಪೂಲ್ ನೀರು ಗಿಡಕ್ಕೆ ಬೇಡ. ಕ್ಲೋರಿನ್ ಇರುತ್ತೆ.”

ಜಗದೇವಿ ಅಕ್ಕ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ಜೋರಾಯಿತು, ಅಷ್ಟೇ. ಗ್ಯಾಸ್ ಆರಿಸಿದ್ದನ್ನು ಎರಡು ಸಲ ನೋಡಿ ಮಲಗುವ ನಾನು, ಅವರ ಮೌನವನ್ನು ಒಪ್ಪಿಗೆ ಎಂದು ಬಿಟ್ಟುಬಿಟ್ಟೆ. ಪೈಪು ದಾಸವಾಳದ ಗಿಡಗಳ ಹಿಂದೆ ಹೋಗುತ್ತದೆ. ಅದರ ಬಾಯಿ ಎತ್ತ ಇದೆ ಎಂದು ಹೋಗಿ ಬಗ್ಗಿ ನೋಡಲಿಲ್ಲ.

ಮೇ ನಡುವಿನಲ್ಲಿ ಒಂದು ಬೆಳಿಗ್ಗೆ ಪಾಠ ನಡೆದಿತ್ತು. ಜಲಜಾಕ್ಷಿ ಅಂಚು ಹಿಡಿದು ಕಾಲು ಬಡಿಯುತ್ತಿದ್ದರು, ಇನ್ನು ಮೂವರು ಎದೆಮಟ್ಟದ ನೀರಿನಲ್ಲಿ ಉಸಿರು ಬಿಡುವುದನ್ನು ಕಲಿಯುತ್ತಿದ್ದರು. ಜಗದೇವಿ ಅಕ್ಕ ಪೂಜೆಯ ತಟ್ಟೆ ಹಿಡಿದುಕೊಂಡು ನೇರ ಕೊಳದ ಕಡೆಗೇ ಬಂದರು.

“ದಾಕ್ಷಾಯಿಣಿ, ಮ್ಯಾಲ ಬಾ.”

“ಅಕ್ಕಾ, ಪಾಠ ನಡೀತಿದೆ. ಅರ್ಧ ಗಂಟೆ.”

“ನಿನ್ನ ಪಾಠ ಹಾಳಾಗಲಿ. ಇದನ್ನ ನೋಡು ಮೊದಲ.”

ತಟ್ಟೆಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಬಗ್ಗಿಸಿದರು. ಬಿಲ್ವದ ಎಲೆಗಳು. ತುದಿ ಹಳದಿ, ಅಂಚಿನ ಉದ್ದಕ್ಕೂ ಕಂದು, ದೀಪಕ್ಕೆ ಹಿಡಿದು ತೆಗೆದ ಕಾಗದದ ಹಾಗೆ. ಏನಾಗಿದೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ.

“ಒಂದು ಎಲಿ ನೆಟ್ಟಗಿಲ್ಲ. ಕೆಳಗಿನ ಟೊಂಗಿ ಪೂರ್ತಿ ಹಿಂಗೇ ಅದ. ಮಾವಾರು ಮಣಿ ಮ್ಯಾಲ ಕೂತಾರ, ಪತ್ರಿ ಎಲ್ಲಿ ಅಂತ ಕೇಳಾಕತ್ತಾರ. ಏನು ಹೇಳಲಿ ನಾನು?”

“ಪೈಪ್ ಯಾರು ತಿರುಗಿಸಿದ್ದು?” ಅಂದೆ.

“ನಾನೇ ತಿರುಗಿಸೀನಿ. ಊರು ಊರೇ ಕೊಡ ಹಿಡಕೊಂಡು ತಣ್ಣಿ ಲಾರಿ ಹಿಂದ ಓಡ್ತದ, ಈಕಿ ನೋಡಿದ್ರ ನೀರು ಮೋರಿಗಿ ಬಿಡ್ತಾಳ. ಮಹಾರಾಣಿ.”

“ಗಿಡಕ್ಕೆ ಬೇಡ ಅಂತ ಹೇಳಿದ್ದೆನಲ್ಲ ಅಕ್ಕಾ.”

“ಕ್ಲೋರಿನ್ ಅದ ಅಂತ ಹೇಳಿದ್ದಿ. ಹತ್ತು ವರ್ಷದಿಂದ ಕ್ಲೋರಿನ್ ನೀರು ಕುಡದೇ ಬೆಳದದ ಈ ಗಿಡ. ಅದು ನನಗ ಗೊತ್ತಿಲ್ಲೇನು? ನನಗೇನು ಬುದ್ಧಿ ಇಲ್ಲಂತ ತಿಳದಿಯೇನು ನೀನು?” ತಟ್ಟೆಯನ್ನು ಇನ್ನೂ ಹತ್ತಿರಕ್ಕೆ ಚಾಚಿದರು. “ಈಗ ಹೇಳು. ಕ್ಲೋರಿನ್ ಬಿಟ್ಟು ಮತ್ತೇನು ಹಾಕಿದಿ ಅದರಾಗ?”

ನೀರಿನಲ್ಲಿದ್ದವರೆಲ್ಲ ಕಲಿಯುವುದನ್ನು ಬಿಟ್ಟು ನಮ್ಮತ್ತ ತಿರುಗಿದ್ದರು. ಮೇಲಿನ ಬಾಲ್ಕನಿಗೆ ಜಗದೇವಿ ಅಕ್ಕನ ಮಗಳು ಬಿಂದು ಹಲ್ಲುಜ್ಜುವ ಬ್ರಷ್ ಸಮೇತ ಬಂದಳು. ಏನೂ ಇಲ್ಲ ಅನ್ನಬಹುದಿತ್ತು. ಬಿಸಿಲಿನ ಝಳ ಅನ್ನಬಹುದಿತ್ತು, ಮೇ ತಿಂಗಳಿನಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಆದರೆ ಹಾಗೆ ಅಂದರೆ ಆ ಪೈಪು ಅಲ್ಲೇ ಉಳಿಯುತ್ತದೆ, ಮುಂದಿನ ವಾರ ಮತ್ತೆ ಅದೇ ನೀರು ಬುಡಕ್ಕೆ ಬೀಳುತ್ತದೆ, ಗಿಡ ಹೋಗುತ್ತದೆ.

“ಬೋರಿಕ್ ಪುಡಿ,” ಅಂದೆ. “ಪಾಚಿ ಕಟ್ಟಬಾರದು ಅಂತ. ಈಜುವವರಿಗೆ ಅದರಿಂದ ತೊಂದರೆ ಇಲ್ಲ. ಗಿಡಕ್ಕೆ ಇದೆ.”

ಜಗದೇವಿ ಅಕ್ಕ ನನ್ನನ್ನು ಬಿಟ್ಟು ನೀರಿನಲ್ಲಿದ್ದವರ ಕಡೆ ತಿರುಗಿದರು. “ಕೇಳಿದ್ರೇನವ್ವಾ? ಗಿಡ ಸಾಯ್ತದಂತ, ಮಂದಿ ಸಾಯಂಗಿಲ್ಲಂತ. ಎಂಥ ಶಾಣ್ಯಾ ವಿಷ ನೋಡ್ರಿ.”

“ಅಮ್ಮಾ, ಪೋದುಂ ಮಾ,” ಅಂದಳು ಬಿಂದು ಮೇಲಿನಿಂದ. ಸಾಕು ಅಂತ. ಅವಳ ತಾಯಿಗೆ ಅದು ಸಾಕಾಗುವಂಥದ್ದಲ್ಲ.

ಮೂವರೂ ಮೆಟ್ಟಿಲ ಕಡೆ ನಡೆದರು. ಅವಸರ ಮಾಡಲಿಲ್ಲ. ನನಗೆ ಬೇಸರವಾಗಬಾರದೆಂದು ಮೆಲ್ಲಗೆ ನಡೆಯುತ್ತಿದ್ದರು, ಅದೇ ಹೆಚ್ಚು ಚುಚ್ಚಿತು. ಒಬ್ಬರು ನಲ್ಲಿಯ ಕೆಳಗೆ ಕೈಕಾಲು ಉಜ್ಜಿ ಉಜ್ಜಿ ತೊಳೆದರು. ಜಲಜಾಕ್ಷಿ ಕೊನೆಗೆ ಎದ್ದು ಟವೆಲ್ ಹೊದ್ದುಕೊಂಡರು.

“ನಮ್ಮ ಹೋಟೆಲಿನಲ್ಲಿ ಜಿರಲೆಗೆ ಗೋದಿಹಿಟ್ಟಿನಲ್ಲಿ ಕಲಸಿ ಉಂಡೆ ಮಾಡಿ ಇಡುವುದು ಅದೇ ಅಲ್ಲವಾ?”

“ಅದೇ. ಆದರೆ ಇಲ್ಲಿ ಎಷ್ಟು ತೆಳುವಾಗಿ ಇದೆ ಅಂದರೆ...”

“ತೆಳುವೋ ದಪ್ಪವೋ, ನಾನು ಕೇಳಿದ್ದೆ ನಿಮ್ಮ ಹತ್ತಿರ. ಹೇಳಬಹುದಿತ್ತು.”

ಅವರು ಚಪ್ಪಲಿ ಮೆಟ್ಟಿ ಹೋದರು. ಜಗದೇವಿ ಅಕ್ಕ ತಟ್ಟೆಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದು ಕೊಳದ ಅಂಚಿನ ಮೇಲೆ ಇಟ್ಟು ಒಳಗೆ ನಡೆದರು. ಆ ದಿನ ಮಾವ ಬರೀ ವಿಭೂತಿಯಲ್ಲಿ ಪೂಜೆ ಮುಗಿಸಿದರು. ಅವರ ಕೋಣೆಯ ಬಾಗಿಲು ಮಧ್ಯಾಹ್ನದವರೆಗೆ ತೆರೆಯಲಿಲ್ಲ.

ಮಧ್ಯಾಹ್ನ ಲಾರಿ ಬಂತು. ಆ ಬೇಸಿಗೆಯಲ್ಲಿ ಒಂದು ಲಾರಿ ನೀರಿಗೆ ಕಾದು ಕೂರಬೇಕಿತ್ತು. ಇದು ಕೊಳಕ್ಕೆಂದೇ ಹೇಳಿದ್ದು, ಬಿಸಿಲಿಗೆ ಅದರ ಮಟ್ಟ ಇಳಿದು ಪಂಪು ಗಾಳಿ ಎಳೆಯಲು ಶುರು ಮಾಡಿತ್ತು. ಬೇರಿನ ಸುತ್ತ ಸೇರಿರುವ ಬೋರೇಟಿಗೆ ಮದ್ದು ಅಂತ ಇರುವುದು ಒಂದೇ. ಒಳ್ಳೆಯ ನೀರನ್ನು ಬುಡ ಮುಳುಗುವಷ್ಟು ಹರಿಸಿ, ಮತ್ತೆ ಹರಿಸಿ, ಅದನ್ನು ಬೇರಿಗೆ ಎಟುಕದಷ್ಟು ಕೆಳಗೆ ಇಳಿಸುವುದು. ಬಕೆಟ್ಟಿನ ಕೆಲಸವಲ್ಲ. ಎರಡಕ್ಕೂ ಸಾಲುವಷ್ಟು ನೀರು ಲಾರಿಯಲ್ಲಿ ಇರಲಿಲ್ಲ.

ಡ್ರೈವರ್ ದಪ್ಪ ಪೈಪು ಎಳೆದುಕೊಂಡು ಎಂದಿನಂತೆ ಕೊಳದ ಕಡೆ ಹೊರಟ. “ಅಲ್ಲಲ್ಲ, ಮರತ್ತುಕ್ಕು,” ಅಂದೆ. ಮರಕ್ಕೆ. ಅವನು ಮರವನ್ನೂ ನನ್ನನ್ನೂ ನೋಡಿದ. ಒಂದು ಮರಕ್ಕೆ ಲಾರಿ ನೀರು ಇಳಿಸುವ ಹುಚ್ಚರನ್ನು ಅವನು ನೋಡಿರಲಿಲ್ಲ.

ಜಗದೇವಿ ಅಕ್ಕ ಎಲ್ಲಿಂದ ನೋಡಿದರೋ, ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು.

“ಇದಕ್ಕ ಮತ್ತೇನು ಕುಡಸಬೇಕಂತಿ?”

“ಬರೀ ನೀರು ಅಕ್ಕಾ.”

“ನಿನ್ನ ಬರೀ ನೀರು ನೋಡೀನಿ.”

ಪೈಪಿನಿಂದ ಸೋರುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಅವರ ಎದುರಿಗೇ ಕುಡಿದೆ. ತುಕ್ಕಿನ ರುಚಿ. ಅವರು ನಾನು ನುಂಗುವವರೆಗೆ ಗಂಟಲು ನೋಡಿದರು. ಆಮೇಲೆ ತಾವೂ ಬಗ್ಗಿ ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ಪಕ್ಕಕ್ಕೆ ಸರಿದರು.

“ಪೈಪ್ ಹಾರುತ್ತೆ. ಆ ಕಡೆ ಹಿಡ್ಕೊಳ್ಳಿ.”

“ನಿನಗಂತ ಹಿಡದಿಲ್ಲ,” ಅಂದು ಹಿಡಿದರು.

ಲಾರಿ ಬರಿದಾಗುವವರೆಗೆ ಎರಡು ಕಡೆ ನಿಂತಿದ್ದೆವು. ಪಾತಿ ತುಂಬಿತು, ಹೀರಿತು, ಮತ್ತೆ ತುಂಬಿತು. ಅವರ ಸೀರೆಯ ಅಂಚು ಕೆಸರಾಯಿತು. ಈ ಮನೆಗೆ ಬಂದ ಮೇಲೆ ನಾವಿಬ್ಬರೂ ಇಷ್ಟು ಹೊತ್ತು ಒಂದೇ ಕೆಲಸ ಮಾಡಿದ್ದಿಲ್ಲ.

“ಕಾಲೇಜಿನಾಗ ಇದನ್ನೇ ಕಲಸ್ತಿದ್ದಿಯೇನು?” ಒಮ್ಮೆ ಕೇಳಿದರು, ನೀರನ್ನೇ ನೋಡುತ್ತ. “ಅರ್ಧ ಹೇಳೋದು, ಅರ್ಧ ಹೊಟ್ಟ್ಯಾಗ ಇಟ್ಟುಕೊಳ್ಳೋದು?”

ಪೈಪಿನ ಬಾಯನ್ನು ಬುಡದ ಇನ್ನೊಂದು ಬದಿಗೆ ತಿರುಗಿಸಿದೆ. ಪೂರ್ತಿ ಹೇಳಿದ್ದರೆ ಅವರು ಕೊಳವನ್ನು ಅಂದೇ ಮುಚ್ಚಿಸುತ್ತಿದ್ದರು. ಹಾಗಂತ ಈಗ ಹೇಳಿದರೆ, ನನಗೆ ಹೊಡೆಯಲು ಅವರಿಗೆ ನಾನೇ ಇನ್ನೊಂದು ಕಲ್ಲು ಎತ್ತಿ ಕೊಟ್ಟಂತೆ.

ಕೊಳದ ನೀರು ಪಂಪಿನ ಬಾಯಿಗಿಂತ ಕೆಳಗೆ ಇಳಿಯಿತು. ಪಂಪು ನಿಲ್ಲಿಸಿದೆ. ಬೆಳಿಗ್ಗೆ ಯಾರೂ ಬರಲಿಲ್ಲ, ಮರುದಿನವೂ ಇಲ್ಲ. ಫೋನ್ ಮಾಡಿದರೆ ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರ ಮನೆಗೆ ನೆಂಟರು. ನಾನು ಅಭ್ಯಾಸ ತಪ್ಪಿಸದೆ ಕ್ಲೋರಿನ್ ಹಾಕಿ, ಉದ್ದನೆಯ ಬ್ರಷ್ಷಿನಿಂದ ನೀರನ್ನು ತಿರುಗಿಸಿ ಬರುತ್ತಿದ್ದೆ. ಭಾವ ಕುಮಾರಸ್ವಾಮಿ ಅಂಗಡಿಗೆ ಹೊರಡುವ ಮುಂಚೆ ಹಿತ್ತಲ ಬಾಗಿಲಿಗೆ ಬಂದು ಒಂದು ಸಲ ಕೊಳ ನೋಡಿ ಹೋಗುತ್ತಿದ್ದರು. ಪಂಪು ನಿಂತ ಕೊಳ ಮೇ ತಿಂಗಳಿನಲ್ಲಿ ಎಷ್ಟು ಬೇಗ ಹಸಿರಾಗುತ್ತದೆ ಎನ್ನುವುದು ಅವರಿಗೂ ಗೊತ್ತಿತ್ತು. ಬಿಸಿಲು ಸುಡುತ್ತಲೇ ಇತ್ತು. ನೀರು ಬಣ್ಣ ಬದಲಿಸಲಿಲ್ಲ. ಒಂದು ದಿನ ಅವರು ಬಗ್ಗಿ ಗೋಡೆಯ ಹೆಂಚನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ್ದನ್ನು ಕಿಟಕಿಯಿಂದ ಕಂಡೆ.

ಭಾನುವಾರ ಊಟಕ್ಕೆ ಕೂತಾಗ ಅವರೇ ಎತ್ತಿದರು. “ಅಪ್ಪಾರೇ, ನಾಳಿಗೆ ಮಣ್ಣಿನ ಲಾರಿ ಹೇಳೀನಿ. ಪತ್ರಿ ಗಿಡ ಸುಟ್ಟಮ್ಯಾಲ ಅದು ಮನ್ಯಾಗ ಇರಬಾರ್ದು.”

ಮಾವ ಮೈಲಾಪುರದಿಂದ ಪತ್ರಿ ತರಿಸಿಕೊಂಡು ಪೂಜೆ ಮಾಡುತ್ತಿದ್ದ ದಿನಗಳು ಅವು. ನನ್ನ ಜೊತೆ ಮಾತು ಬಿಟ್ಟಿದ್ದರು. ತುತ್ತು ಮುಗಿಸಿ ಕೇಳಿದರು: “ನೀರು ಹಸ್ರಾಗೇತೇನು?”

“ಹಸ್ರಾಗಿಲ್ಲ. ಆದ್ರ...”

“ಹಸ್ರಾದ್ರ ಮುಚ್ಚಿಸ್ತೀನಿ, ಇಲ್ಲಾಂದ್ರ ಆ ವಿಷ್ಯ ಎತ್ತಂಗಿಲ್ಲ ಅಂದಿ. ನನ್ನ ಮುಂದ ಅಂದಿ. ಅಂಗಡ್ಯಾಗ ಗಿರಾಕಿಗೆ ಹಿಂಗ ಮಾತು ತಿರುಗಿಸ್ತೀಯೇನು?”

“ಗಿಡದ ವಿಷ್ಯ ಹಂಗಾರ?” ಅಂದರು ಜಗದೇವಿ ಅಕ್ಕ.

“ಗಿಡದ್ದು ಬ್ಯಾರೆ, ಮಾತಿಂದು ಬ್ಯಾರೆ.” ಮಾವ ಮೊದಲ ಸಲ ನನ್ನ ಕಡೆ ನೋಡಿದರು. “ನೀ ಮಾಡಿದ್ದು ಸರಿ ಅಂತಲ್ಲಮ್ಮ. ನೀ ಹಾಕಿದ್ದಕ್ಕ ನನಗ ಸಿಟ್ಟಿಲ್ಲ. ಮುಚ್ಚಿಟ್ಟಿ ನೋಡು. ಆ ಗಿಡ ಮತ್ತ ಚಿಗುರೋ ತನಕ ನನ್ನ ಕೋಣಿಗೆ ಬರಬ್ಯಾಡ.”

ಎದ್ದು ಕೈ ತೊಳೆಯಲು ಹೋದರು. ಶಿವರಂಜನ್ ಮಜ್ಜಿಗೆಯನ್ನು ತಾವೇ ಬಡಿಸಿಕೊಂಡರು. ಜಗದೇವಿ ಅಕ್ಕ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿ, ನನ್ನ ತಟ್ಟೆಯನ್ನು ಮಾತ್ರ ಮೇಜಿನ ಮೇಲೆ ಬಿಟ್ಟು ಹೋದರು.

ಹೀಗೆ ಕೊಳ ಉಳಿಯಿತು. ಕಲಿಯುವವರು ಉಳಿಯಲಿಲ್ಲ. ಮುಂದಿನ ಲಾರಿ ಬಂದಾಗ ಮೊದಲರ್ಧ ಮರಕ್ಕೆ, ಉಳಿದರ್ಧ ಕೊಳಕ್ಕೆ ಹೋಯಿತು. ಜಗದೇವಿ ಅಕ್ಕ ಕರೆಯದೆಯೇ ಬಂದು ಪೈಪು ಹಿಡಿದರು. ಕೆಳಗಿನ ಟೊಂಗೆಗಳು ಬೋಳಾಗಿದ್ದವು. ಮೇಲಿನವು ಏನು ಮಾಡುತ್ತವೆಂದು ಇನ್ನೂ ಹೇಳುವಂತಿರಲಿಲ್ಲ. ಪಂಪು ಮತ್ತೆ ಓಡಿತು. ಬೆಳಿಗ್ಗೆ ನಾನೊಬ್ಬಳೇ ಇಳಿದು ಆಚೆ ಗೋಡೆಗೆ ಹೋಗಿ ಬರುತ್ತಿದ್ದೆ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಮುಖ, ನನಗೆ ಮೈ ಕೆರೆತ ಶುರುವಾಗುವುದನ್ನು ಕಾಯುತ್ತಿತ್ತು.

ಜೂನ್ ಮೊದಲ ವಾರ ಗೇಟು ಸದ್ದಾಯಿತು. ಜಲಜಾಕ್ಷಿ, ಹೆಗಲ ಮೇಲೆ ಟವೆಲ್ಲು. ಕೊಳದ ಅಂಚಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು.

“ಮಗನ ಹತ್ತಿರ ಕೇಳಿದೆ, ಡಾಕ್ಟರ ಹತ್ತಿರವೂ ಕೇಳಿದೆ. ಕುಡಿಯಬೇಡಿ ಅಂದರು.” ಕಿಟಕಿಗೆ ಕೇಳುವಷ್ಟು ಜೋರಾಗಿಯೇ ಹೇಳಿದರು. “ನಾನೆಂತ ಬಿಲ್ವದ ಮರವಾ, ಇದನ್ನು ಹೀರಿಕೊಂಡು ಕೂತುಕೊಳ್ಳಲಿಕ್ಕೆ?”

“ಉಳಿದವರು?”

“ಅವರದ್ದು ಅವರಿಗೆ. ಕರೆದೆ, ಬರಲಿಲ್ಲ. ನನಗೂ ನಿಮ್ಮ ಮೇಲೆ ಕೋಪ ಹೋಗಲಿಲ್ಲ, ಅದು ಬೇರೆ ವಿಷಯ. ತೇಲುವುದು ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಬೇಕು.”

ಕಿಟಕಿಯ ಬಾಗಿಲು ಎಳೆದು ಹಾಕಿದ ಸದ್ದು ಕೇಳಿಸಿತು.

“ಇಳಿಯುವ ಮುಂಚೆ ಕೇಳಿ,” ಅಂದೆ. “ಇದರಲ್ಲಿ ಬೋರಿಕ್ ಪುಡಿ ಇದೆ, ಕ್ಲೋರಿನ್ ಇದೆ. ನೀರು ಬಾಯಿಗೆ ಹೋದರೆ ಉಗಿಯಬೇಕು. ಮೈ ಮೇಲೆ ಎಲ್ಲಾದರೂ ತೆರೆದ ಗಾಯ ಇದ್ದರೆ ಇವತ್ತು ಬೇಡ.”

ಅವರು ಮೊಣಕೈ ತಿರುಗಿಸಿ ನೋಡಿಕೊಂಡರು, ಪಾದ ನೋಡಿಕೊಂಡರು. ನಾನು ಕಾಯುತ್ತ ನಿಂತೆ.